ಜೊಯಾಂತಿಡ್‌ ಕತ್ತು ಚಾಚಿದಾಗ ಲೈಟ್‌ ಬದಲಿಸಿದೆ

ಮಡಿಕೇರಿಯ ಮಳೆಗಾಲದಲ್ಲಿ ಕಿಟಕಿ ಬೆಳಕನ್ನು ನಂಬುವ ಹಾಗಿಲ್ಲ. ನಮ್ಮ ಮನೆಯ 60 ಲೀಟರ್‌ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಜೊಯಾಂತಿಡ್‌ ಹವಳಗಳು ಬೆಳಕಿಗಾಗಿ ಉದ್ದುದ್ದ ಕತ್ತು ಚಾಚಿದ್ದವು. ಬಣ್ಣವೂ ಮಂಕು. ನೀರಿನ ಪರೀಕ್ಷೆಯಲ್ಲಿ ಎಲ್ಲ ಸರಿ. ಉಳಿದದ್ದು ಲೈಟ್‌ ಒಂದೇ.

ಟ್ಯಾಂಕ್‌ ಜೊತೆ ಬಂದ ಬಿಳಿ ಎಲ್‌ಇಡಿ ನಮ್ಮ ಕಣ್ಣಿಗೆ ಝಗಝಗ, ಹವಳಕ್ಕೆ ಸಾಲದು. ಹವಳದ ಮೈಯೊಳಗಿನ ಪಾಚಿಗೆ ಜಾಸ್ತಿ ಬೇಕಿರುವುದು ನೀಲಿ ಬೆಳಕು, ಸುಮಾರು 400ರಿಂದ 480 ನ್ಯಾನೋಮೀಟರ್‌. ಸುಮ್ನೆ ವ್ಯಾಟ್‌ ನೋಡಿ ಕೊಳ್ಳಬೇಡಿ, ಪಾರ್‌ ಅಳತೆ (ಪಾಚಿಯ ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವ ಬೆಳಕಿನ ಪ್ರಮಾಣ) ಕೇಳಿ. ಜೊಯಾಂತಿಡ್‌ನಂಥ ಮೆದು ಹವಳಗಳಿಗೆ ಪಾರ್‌ 50ರಿಂದ 150 ಸಾಕು.

ನೀಲಿ, ಬಿಳಿ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸುವ ಲೈಟ್‌ ತಂದೆ. ಶುರುವಿಗೆ ಶೇ. 30, ಆಮೇಲೆ ವಾರವಾರ ಸ್ವಲ್ಪ ಜಾಸ್ತಿ. ಒಮ್ಮೆಲೇ ಪೂರ್ತಿ ಹಾಕಿದರೆ ಹವಳ ಬಿಳಿಚಿಕೊಳ್ಳುತ್ತದೆ. ಟೈಮರ್‌ನಲ್ಲಿ ದಿನಕ್ಕೆ 8 ಗಂಟೆ. ಮಶ್ರೂಮ್‌ ಹವಳವನ್ನು ಕಲ್ಲಿನ ನೆರಳಿಗೆ ಸರಿಸಿದೆ. ಹೊಸ ಪಾಲಿಪ್‌ಗಳು (ಹವಳದ ಗುಂಪಿನ ಒಂದೊಂದು ಪುಟ್ಟ ಜೀವಿ) ಗಿಡ್ಡಕ್ಕೆ, ಒಳ್ಳೆ ಬಣ್ಣದಲ್ಲಿ ಬಂದವು.

ಇನ್ನೂ ಜೋರು ಲೈಟ್‌ ಬೇಕಾಗುವುದು ಕಲ್ಲು ಹವಳಗಳಿಗೆ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹಾಗಾಗಿ ಆ ಆಸೆಯೇ ಬೇಡ. ಕರೆಂಟ್‌ ಹೋದಾಗ ಇನ್ವರ್ಟರ್‌ಗೆ ಪಂಪ್‌ ಮಾತ್ರ ಹಾಕಿ. ಒಂದು ದಿನ ಬೆಳಕಿಲ್ಲದಿದ್ದರೆ ನಡೆಯುತ್ತದೆ, ನೀರಿನ ಓಡಾಟ ನಿಂತರೆ ಆಮ್ಲಜನಕ ಕಡಿಮೆಯಾಗುತ್ತದೆ.