"ಇದು ನಮ್ಮ ದಶಾವತಾರದಲ್ಲೇ ಇದೆ ಮೇಡಂ": ವಿಕಾಸವಾದ ಕಲಿಸಿದ ನನ್ನ ಅನುಭವ

ಉಡುಪಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಬಯಾಲಜಿ ಕಲಿಸುತ್ತೇನೆ. ಸೆಕೆಂಡ್ ಪಿಯುದಲ್ಲಿ ಎವಲ್ಯೂಷನ್ ಅಂತ ಒಂದು ಪಾಠ ಇದೆ. ಧರ್ಮಕ್ಕೂ ವಿಜ್ಞಾನಕ್ಕೂ ಜಗಳ ಹತ್ತುವುದಿದ್ದರೆ ಇಲ್ಲೇ ಅಂತ ಎಲ್ಲರ ಲೆಕ್ಕ. ಹೊಸದಾಗಿ ಸೇರಿದ ಲೆಕ್ಚರರ್‌ಗಳು ಕೇಳುತ್ತಾರೆ, "ಮಕ್ಕಳು ಗಲಾಟೆ ಮಾಡಲ್ವಾ ಮೇಡಂ?" ಅಂತ. ಗಲಾಟೆ ಮಾಡುವವರು ಕಡಿಮೆ. ನನಗೆ ಕಷ್ಟ ಕೊಡುವವರು ಬೇರೆ. ಪಾಠ ಶುರುವಾಗುವ ಮೊದಲೇ ತಲೆಯಾಡಿಸಿ ಒಪ್ಪಿಕೊಂಡು ಕೂತಿರುತ್ತಾರಲ್ಲ, ಅವರು. ಮತ್ಸ್ಯ ನೀರಲ್ಲಿ, ಕೂರ್ಮ ನೀರು ನೆಲ ಎರಡರಲ್ಲೂ, ವರಾಹ ನೆಲದ ಮೇಲೆ, ನರಸಿಂಹ ಅರ್ಧ ಪ್ರಾಣಿ ಅರ್ಧ ಮನುಷ್ಯ, ವಾಮನ ಕುಳ್ಳ, ಆಮೇಲೆ ಪೂರ್ತಿ ಮನುಷ್ಯ. ಡಾರ್ವಿನ್ ಹೊಸದಾಗಿ ಏನು ಹೇಳಿದ ಮೇಡಂ?

"ಇಲ್ಲ, ಇದನ್ನು ನಾನು ನಂಬಲ್ಲ" ಅನ್ನುವ ಹುಡುಗನ ಹತ್ತಿರ ಮಾತಾಡಬಹುದು. ಅವನಿಗೆ ಡಾರ್ವಿನ್ ಏನು ಹೇಳುತ್ತಿದ್ದಾನೆ ಅಂತ ಅರ್ಥ ಆಗಿದೆ, ಅದಕ್ಕೇ ಅವನಿಗೆ ಸಿಟ್ಟು. ಒಪ್ಪಿಕೊಂಡವನಿಗೆ ಪಾಠವೇ ಬೇಕಾಗಿಲ್ಲ. ಅವನ ತಲೆಯಲ್ಲಿ ವಿಕಾಸ ಅಂದರೆ ಒಂದು ಏಣಿ. ಕೆಳಗೆ ಮೀನು, ಮೇಲೆ ನಾವು. ಏಣಿ ಅಂದುಕೊಂಡ ಮೇಲೆ ಮುಂದಿನದೆಲ್ಲ ತಪ್ಪಾಗುತ್ತದೆ. ಹಾಗಾಗಿ ನಾನು ಪಾಠದ ಮೊದಲ ದಿನ ಡಾರ್ವಿನ್ ಕಥೆಯಿಂದ ಶುರು ಮಾಡುವುದೇ ಇಲ್ಲ. ಅವನು ಸುತ್ತಿದ ಬೀಗಲ್ ಹಡಗು, ಗ್ಯಾಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿ ಎಲ್ಲ ಆಮೇಲೆ.

ಮೊದಲು ದಶಾವತಾರವನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ. ಗೇಲಿ ಮಾಡಲಿಕ್ಕಲ್ಲ. ನಮ್ಮೂರಲ್ಲಿ ಯಕ್ಷಗಾನ ಮೇಳದ ಹೆಸರಲ್ಲೇ ದಶಾವತಾರ ಇರುತ್ತದೆ, ಗೇಲಿ ಮಾಡಿ ನಾನು ಎಲ್ಲಿಗೆ ಹೋಗಲಿ? ಸುಮ್ನೆ ಪ್ರಶ್ನೆ ಕೇಳುತ್ತೇನೆ. ಕೂರ್ಮ ಯಾವ ಗುಂಪು? ಉಭಯಚರ ಅನ್ನುತ್ತಾರೆ. ಅಲ್ಲ, ಆಮೆ ಸರೀಸೃಪ, ಹಿಂದಿನ ವರ್ಷ ನೀವೇ ಓದಿದ್ದೀರಿ. ಕಪ್ಪೆ ಎಲ್ಲಿ? ಪಟ್ಟಿಯಲ್ಲಿಲ್ಲ. ಹಕ್ಕಿ? ಇಲ್ಲ. ಕೂರ್ಮ ವರಾಹನ ಅಜ್ಜನಾ? ಅಲ್ಲ, ಪ್ರತಿ ಅವತಾರಕ್ಕೂ ಬೇರೆ ಕಾರಣ, ಬೇರೆ ಕಥೆ, ಒಂದರಿಂದ ಇನ್ನೊಂದು ಹುಟ್ಟಿಲ್ಲ. ಪರಶುರಾಮ, ರಾಮ, ಕೃಷ್ಣ, ಇವರ ದೇಹದಲ್ಲಿ ಏನು ಬದಲಾಯಿತು? ಇಷ್ಟು ಹೊತ್ತಿಗೆ ಕ್ಲಾಸು ಸ್ವಲ್ಪ ತಣ್ಣಗಾಗಿರುತ್ತದೆ.

ಇನ್ನೊಂದು ಮಾತನ್ನೂ ಹೇಳುತ್ತೇನೆ. ಈ ಹೋಲಿಕೆಯನ್ನು ಬರೆದವರಲ್ಲಿ ಮೊದಲಿಗರು ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಬ್ಲಾವಟ್‌ಸ್ಕಿ, 1877ರಲ್ಲಿ. ಡಾರ್ವಿನ್ ಪುಸ್ತಕ ಬಂದಿದ್ದು 1859ರಲ್ಲಿ. ಅಂದರೆ ಉತ್ತರ ಗೊತ್ತಾದ ಮೇಲೆ ಹಳೆಯ ಕಥೆಯಲ್ಲಿ ಅದನ್ನು ಓದಿದ್ದು.

ಆದರೆ ಇದಕ್ಕೆಲ್ಲ ಕಳಶ ಇಟ್ಟಿದ್ದು ನಮ್ಮ ಸಂಸ್ಕೃತ ಲೆಕ್ಚರರ್. ಸ್ಟಾಫ್ ರೂಮಿನಲ್ಲಿ ಇದೇ ಮಾತು ಬಂದಾಗ ಅವರು ನಕ್ಕರು. "ಮೀನು ಕೆಳಗೆ, ಕೃಷ್ಣ ಮೇಲೆ ಅಂತ ಮೆಟ್ಟಿಲು ಮಾಡಿದರೆ ಮಧ್ವಮತದಲ್ಲಿ ಅದು ಅಪರಾಧ ಮೇಡಂ. ಮೂಲರೂಪಕ್ಕೂ ಅವತಾರಕ್ಕೂ ಭೇದ ಇಲ್ಲ, ಅವತಾರ ಅವತಾರಗಳ ನಡುವೆಯೂ ಇಲ್ಲ. ಮತ್ಸ್ಯನೂ ಪೂರ್ಣ, ಕೃಷ್ಣನೂ ಪೂರ್ಣ. ಯಾರು ಬೆಳೆದು ಯಾರಾಗಬೇಕು?" ಅಂದರು. ನಾನು ಅವರನ್ನು ಒಂದು ಪೀರಿಯಡ್ ಕ್ಲಾಸಿಗೆ ಕರೆದುಕೊಂಡು ಹೋದೆ. ಇದೇ ಮಾತನ್ನು ಮಕ್ಕಳಿಗೆ ಹೇಳಿದರು. ಮಠದ ಊರಿನ ಮಕ್ಕಳು, ನಾನು ಇಡೀ ವಾರ ಹೇಳಿದ್ದಕ್ಕಿಂತ ಅವರ ಹತ್ತು ನಿಮಿಷ ಜಾಸ್ತಿ ಕೆಲಸ ಮಾಡಿತು. ಎರಡನ್ನೂ ಗಂಟು ಹಾಕಿದರೆ ಡಾರ್ವಿನ್ನನಿಗೂ ಅನ್ಯಾಯ, ದೇವರಿಗೂ ಅನ್ಯಾಯ ಅಂತ ಒಬ್ಬ ಹುಡುಗಿ ಅವರ ಮುಂದೆಯೇ ಹೇಳಿದಳು.

ಏಣಿ ಹೋದ ಮೇಲೆ ಕವಲೊಡೆಯುವ ಮರ ತರಬೇಕು. "ಮಂಗನಿಂದ ಮನುಷ್ಯ ಆದರೆ ಈಗಿನ ಮಂಗ ಯಾಕೆ ಮನುಷ್ಯ ಆಗ್ತಿಲ್ಲ?" ಈ ಪ್ರಶ್ನೆ ಬಾರದ ವರ್ಷ ಇಲ್ಲ. 2018ರಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಮಂಗ ಮನುಷ್ಯನಾಗಿದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು ಎಂಬ ಅರ್ಥದಲ್ಲಿ ಮಾತಾಡಿದ ಮೇಲೆ (ದೇಶದ ಮೂರೂ ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದು ಹೇಳಿಕೆ ಕೊಟ್ಟವು) ಪ್ರಶ್ನೆಗೆ ಇನ್ನೂ ಧೈರ್ಯ ಬಂತು. ನಾನು ಮಕ್ಕಳಿಗೆ ಅವರ ಕುಟುಂಬದ ಮನೆಯನ್ನು ನೆನಪಿಸುತ್ತೇನೆ. ತುಳುನಾಡಿನಲ್ಲಿ ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣಿನ ಕಡೆಯಿಂದ ವಂಶ ಎಣಿಸುವುದು ಎಲ್ಲರಿಗೂ ಗೊತ್ತು. ನೀನು ನಿನ್ನ ದೊಡ್ಡಮ್ಮನ ಮಗನಿಂದ ಹುಟ್ಟಿದ್ದಾ? ಅಲ್ಲ. ಅವನು ಯಾಕೆ ಇನ್ನೂ ಬದುಕಿದ್ದಾನೆ ಅಂತ ಕೇಳ್ತೀಯಾ? ಇಬ್ಬರಿಗೂ ಒಬ್ಬಳೇ ಅಜ್ಜಿ, ಅಷ್ಟೇ. ಚಿಂಪಾಂಜಿ ನಮ್ಮ ದೊಡ್ಡಮ್ಮನ ಮಗ. ಇಬ್ಬರ ಅಜ್ಜಿ ಬದುಕಿದ್ದು ಸುಮಾರು 60-70 ಲಕ್ಷ ವರ್ಷ ಹಿಂದೆ, ಅವಳು ಚಿಂಪಾಂಜಿಯೂ ಅಲ್ಲ, ಮನುಷ್ಯಳೂ ಅಲ್ಲ.

"ಸರಿ ಮೇಡಂ, ಪುರಾವೆ?" ಅಂತ ಕೇಳಿದರೆ ನನಗೆ ಹಬ್ಬ. ಜೆನೆಟಿಕ್ಸ್ ಆಗಲೇ ಮುಗಿದಿರುತ್ತದೆ. ಮನುಷ್ಯನಿಗೆ 23 ಜೊತೆ ಕ್ರೋಮೋಸೋಮು (ಜೀನುಗಳನ್ನು ಹೊತ್ತ ಎಳೆ), ಚಿಂಪಾಂಜಿ ಗೊರಿಲ್ಲಾಗಳಿಗೆ 24. ಒಂದು ಜೊತೆ ಎಲ್ಲಿ ಹೋಯಿತು? ಪೂರ್ತಿ ಕಳೆದುಹೋಗಿದ್ದರೆ ಪ್ರಾಣಿ ಬದುಕುವುದು ಕಷ್ಟ. ಹಾಗಾದರೆ ಎರಡು ಸೇರಿ ಒಂದಾಗಿರಬೇಕು. ಸೇರಿದ್ದರೆ ಗುರುತು ಇರಬೇಕು. ತುದಿಯಲ್ಲಿ ಮಾತ್ರ ಇರಬೇಕಾದ ಟೆಲೋಮಿಯರ್ ನಡುವೆ ಸಿಗಬೇಕು, ಎಳೆಯ ಸೊಂಟದಂತಿರುವ ಸೆಂಟ್ರೋಮಿಯರ್ ಜಾಗ ಒಂದರ ಬದಲು ಎರಡು ಕಾಣಬೇಕು. ಮಕ್ಕಳ ಕೈಗೆ ಕಾಗದದ ಪಟ್ಟಿ ಕೊಟ್ಟು, ತುದಿಗೆ ಕೆಂಪು, ಮಧ್ಯಕ್ಕೆ ನೀಲಿ ಬಣ್ಣ ಹಚ್ಚಿಸಿ, ಎರಡು ಪಟ್ಟಿ ಅಂಟಿಸಿ ನೋಡಿ ಅನ್ನುತ್ತೇನೆ. ಕೆಂಪು ಎಲ್ಲಿ ಬಂತು ಅಂತ ಅವರೇ ಹೇಳುತ್ತಾರೆ. ಆಮೇಲೆ ನಮ್ಮ 2ನೇ ಕ್ರೋಮೋಸೋಮಿನ ಚಿತ್ರ ತೋರಿಸುತ್ತೇನೆ. 1991ರಲ್ಲಿ ಅಲ್ಲಿ ನಡುವೆ ಟೆಲೋಮಿಯರ್ ತುಣುಕುಗಳು ಎದುರುಬದುರಾಗಿ ಸಿಕ್ಕ ವರದಿ ಬಂತು. ಸತ್ತುಹೋದ ಎರಡನೇ ಸೆಂಟ್ರೋಮಿಯರಿನ ಉಳಿಕೆಯೂ ಇದೆ. ಬೋರ್ಡ್ ಮೇಲೆ ಎಷ್ಟು ಬರೆದರೂ ಬಾರದ ಮೌನ ಇಲ್ಲಿ ಬರುತ್ತದೆ.

ಇದಕ್ಕೆ ಜೊತೆಯಾಗಿ ಟಿಕ್ಟಾಲಿಕ್ ಎಂಬ ಪಳೆಯುಳಿಕೆ ಮೀನಿನ ಕಥೆ ಹೇಳುತ್ತೇನೆ. ಸುಮಾರು 38 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಕಾಲಿನಂಥ ಮಾಂಸಲ ರೆಕ್ಕೆಯ ಮೀನು ಇದೆ, 36 ಕೋಟಿ ವರ್ಷದ ಬಂಡೆಯಲ್ಲಿ ಕಾಲಿರುವ ಪ್ರಾಣಿ ಇದೆ. ನಡುವಿನದು ಬೇಕು ಅಂದರೆ ನಡುವಿನ ವಯಸ್ಸಿನ, ಹಳೆಯ ನದಿಪಾತ್ರದ ಬಂಡೆ ಹುಡುಕಬೇಕು. ಅಮೆರಿಕದ ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ತಂಡ ಭೂವಿಜ್ಞಾನದ ನಕ್ಷೆ ನೋಡಿ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪ ಆರಿಸಿತು. ಹಿಮದಲ್ಲಿ ವರ್ಷಗಟ್ಟಲೆ ಅಲೆದು 2004ರಲ್ಲಿ ಟಿಕ್ಟಾಲಿಕ್ ಪಡೆಯಿತು. ಕುತ್ತಿಗೆ ಇರುವ ಮೀನು, ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ. ಇಲ್ಲಿಗೆ ನಿಲ್ಲಿಸಿದರೆ ಕಥೆ ತುಂಬಾ ಚೆಂದ. ಆದರೆ 2010ರಲ್ಲಿ ಪೋಲೆಂಡಿನಿಂದ ಇನ್ನೂ ಹಳೆಯ, ಸುಮಾರು 39 ಕೋಟಿ ವರ್ಷದ, ನಾಲ್ಕು ಕಾಲಿನ ಪ್ರಾಣಿಯ ಹೆಜ್ಜೆಗುರುತುಗಳ ವರದಿ ಬಂತು. ಹಾಗಾದರೆ ಟಿಕ್ಟಾಲಿಕ್ ನೇರ ಪೂರ್ವಜ ಅಲ್ಲದೆ, ಅದೇ ಕುಟುಂಬದ ತಡವಾಗಿ ಉಳಿದ ಕವಲು ಇರಬಹುದು. ಇದನ್ನು ಮುಚ್ಚಿಡದೆ ಹೇಳುತ್ತೇನೆ. ಯಾರೋ ಒಬ್ಬರು "ಅಂದ್ರೆ ಡಾರ್ವಿನ್ ತಪ್ಪಾ?" ಅಂತ ಖುಷಿಯಿಂದ ಕೇಳುತ್ತಾರೆ. ಇಲ್ಲ ಮಾರಾಯ, ಯಾವ ಕವಲು ಯಾವಾಗ ಒಡೆಯಿತು ಅನ್ನುವ ಜಗಳ ಅದು, ಮರ ಇದೆಯೋ ಇಲ್ಲವೋ ಅನ್ನುವ ಜಗಳ ಅಲ್ಲ.

ಮಲ್ಪೆಯ ಮಕ್ಕಳಿದ್ದರೆ ಮೀನುಗಾರರ ಮನೆಯವರನ್ನು ಎಬ್ಬಿಸಿ ನಿಲ್ಲಿಸುತ್ತೇನೆ. ಬಂಗುಡೆ ಬಾಲ ಹೇಗೆ ಆಡಿಸುತ್ತದೆ? ಎಡಕ್ಕೆ ಬಲಕ್ಕೆ. ಡಾಲ್ಫಿನ್? ಮೇಲೆ ಕೆಳಗೆ. ಇದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ, ಬೋಟಿನಿಂದಲೇ ನೋಡಿರುತ್ತಾರೆ. ಯಾಕೆ ಹಾಗೆ? ಓಡುವ ನಾಯಿಯ ಬೆನ್ನು ನೋಡಿ. ಸಸ್ತನಿಯ ಬೆನ್ನುಮೂಳೆ ಮೇಲೆ ಕೆಳಗೆ ಬಾಗುತ್ತದೆ. ಡಾಲ್ಫಿನ್ ಸಮುದ್ರಕ್ಕೆ ಇಳಿದರೂ ನೆಲದ ಬೆನ್ನನ್ನು ಜೊತೆಗೇ ಒಯ್ದಿದೆ, ಉಸಿರಿಗೆ ಈಗಲೂ ಮೇಲೆ ಬರುತ್ತದೆ. ಡಾಲ್ಫಿನ್ ಕೂಡ ಸೇರಿದ ತಿಮಿಂಗಿಲಗಳ ಗುಂಪಿನ ನೆಲದ ನೆಂಟನ ಮೂಳೆ ಸಿಕ್ಕಿದ್ದು ಜಮ್ಮುವಿನ ಕಾಲಕೋಟ್ ಹತ್ತಿರ. ಭೂವಿಜ್ಞಾನಿ ರಂಗ ರಾವ್ ಕೂಡಿಟ್ಟಿದ್ದ ಕಲ್ಲುಗಳನ್ನು ಅವರು ತೀರಿಕೊಂಡ ಮೇಲೆ ಪತ್ನಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಥೆವಿಸ್ಸನ್ ಅವರಿಗೆ ಕೊಟ್ಟರು. ಕಲ್ಲು ಬಿಡಿಸುವಾಗ ಒಂದು ಕಿವಿಮೂಳೆ ಮುರಿಯಿತು, ಒಳಗೆ ತಿಮಿಂಗಿಲದ ಜಾತಿಯಲ್ಲಿ ಮಾತ್ರ ಕಾಣುವ ದಪ್ಪ ಗೋಡೆ! ಇಂಡೋಹ್ಯೂಸ್ ಎಂಬ ಆ ಪ್ರಾಣಿ ತಿಮಿಂಗಿಲದ ನೆಂಟ ಅಂತ 2007ರಲ್ಲಿ ಜಗತ್ತಿಗೆ ತಿಳಿಯಿತು. ಸಣ್ಣ ಜಿಂಕೆಯಂಥ, ಗೊರಸಿನ ಪ್ರಾಣಿ.

ಕಾಲದ ಲೆಕ್ಕಕ್ಕೆ ಸೇಂಟ್ ಮೇರೀಸ್ ದ್ವೀಪ ಕಣ್ಣೆದುರೇ ಇದೆ. ಭಾರತ ಮಡಗಾಸ್ಕರಿನಿಂದ ಬಿಟ್ಟುಬಂದಾಗ ಉಕ್ಕಿದ ಲಾವಾ ಆರಿ ಆದ ಕಂಬಗಳು, ಸುಮಾರು 8.8 ಕೋಟಿ ವರ್ಷ. ಅಲ್ಲಿ ನಿಂತಾಗಲೂ ಒಬ್ಬ ಕೇಳುತ್ತಾನೆ: ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಗೆ ಸುಮಾರು 455 ಕೋಟಿ, ಹತ್ತಿರ ಬಂತಲ್ಲ ಮೇಡಂ? ಇದು ದಶಾವತಾರದ ತಮ್ಮ. ಯಾವ ಅಂಕಿ ಎಲ್ಲಿಂದ ಬಂತು ಅಂತ ನೋಡಪ್ಪ. ಒಂದು ಯುಗಗಳನ್ನು ಗುಣಿಸಿ ಬಂದದ್ದು. ಇನ್ನೊಂದು 1956ರಲ್ಲಿ ಅಮೆರಿಕದ ವಿಜ್ಞಾನಿ ಪ್ಯಾಟರ್ಸನ್ ಉಲ್ಕಾಶಿಲೆಯ ಸೀಸ ಅಳೆದು ಕಂಡುಕೊಂಡದ್ದು. ನಾಳೆ ಯಾರಾದರೂ ಇನ್ನೂ ಚೆನ್ನಾಗಿ ಅಳೆದರೆ ಎರಡನೆಯದು ಬದಲಾಗುತ್ತದೆ. ಮೊದಲನೆಯದು ಬದಲಾಗುತ್ತದಾ?

ನೈಸರ್ಗಿಕ ಆಯ್ಕೆಗೆ, ಅಂದರೆ ಸುತ್ತಲಿನ ಪರಿಸರಕ್ಕೆ ಹೊಂದಿಕೊಂಡವು ಉಳಿದು ಹೆಚ್ಚುವುದನ್ನು ತೋರಿಸಲು, ನಾನು ಹುರುಳಿ ಮತ್ತು ಹೆಸರುಕಾಳು ಬಳಸುತ್ತೇನೆ. ಮುರಕಲ್ಲಿನ ಕೆಂಪು ಅಂಗಳದಲ್ಲಿ ಎರಡನ್ನೂ ಸಮ ಸಮ ಚೆಲ್ಲಿ, ಅರ್ಧ ನಿಮಿಷದಲ್ಲಿ ಸಿಕ್ಕಷ್ಟು ಹೆಕ್ಕಿ ಅನ್ನುವುದು. ಹೆಸರು ಬೇಗ ಖಾಲಿ, ಹುರುಳಿ ಮಣ್ಣಲ್ಲಿ ಮರೆ. ಉಳಿದಷ್ಟನ್ನು ಎಣಿಸಿ, ಅಷ್ಟೇ ಕಾಳು ಮತ್ತೆ ಸೇರಿಸಿ, ಇನ್ನೊಮ್ಮೆ. ಕೆಲವೇ ಸುತ್ತಿಗೆ ಅಂಗಳದ ತುಂಬ ಹುರುಳಿ. ಆಮೇಲೆ ಹುಲ್ಲಿನ ಮೇಲೆ ಇದನ್ನೇ ಮಾಡಿದರೆ ಫಲಿತಾಂಶ ತಿರುವುಮುರುವು. ಯಾವುದು "ಮೇಲು" ಅಂತ ಕೇಳಿದರೆ ಈಗ ಉತ್ತರ ಬರುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ಹುಲ್ಲಿಗೆ ಮಳೆಗಾಲ ಮುಗಿದ ಕೂಡಲೇ ಮಾಡಿ, ಜನವರಿಗೆ ನಮ್ಮ ಮೈದಾನದ ಹುಲ್ಲು ಒಣಗಿ ಹುರುಳಿ ಬಣ್ಣಕ್ಕೇ ಬಂದಿರುತ್ತದೆ.

ಇನ್ನು ನಿಜವಾದ ವಿರೋಧ. ಒಬ್ಬ ಹುಡುಗಿಯ ತಂದೆ ಬಂದರು, ಮೀನಿನ ವ್ಯಾಪಾರದವರು. ಬಹಳ ಸೌಮ್ಯ ಮನುಷ್ಯ. "ಮೇಡಂ, ನಾವು ಆದಂ ನೆಬಿಯಿಂದ ಮನುಷ್ಯರು ಬಂದದ್ದು ಅಂತ ನಂಬಿದವರು. ಮಗಳು ಪರೀಕ್ಷೆಯಲ್ಲಿ ಇದನ್ನು ಬರೆದರೆ ಅವಳು ಇದನ್ನು ನಂಬಿದ ಹಾಗೆ ಆಗ್ತದಾ?" ಎಷ್ಟು ನೇರ ಪ್ರಶ್ನೆ ನೋಡಿ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ತೋರಿಸಿದೆ. ಪುರಾವೆ ಬರೆಯಿರಿ, ವಿವರಿಸಿ ಅಂತ ಇದೆ, ನಂಬಿಕೆ ಏನು ಅಂತ ಎಲ್ಲೂ ಕೇಳಿಲ್ಲ. "ಅವಳ ನಂಬಿಕೆ ನಾನು ಕೇಳುವುದಿಲ್ಲ, ಅದು ನಿಮ್ಮ ಮನೆಯದು. ಆದರೆ ಎರಡೂ ಒಂದೇ ಅಂತ ಸುಳ್ಳು ಸಮಾಧಾನವನ್ನೂ ನಾನು ಹೇಳುವುದಿಲ್ಲ" ಅಂದೆ. ಅವರು ಸ್ವಲ್ಪ ಯೋಚಿಸಿ, ನೀಟ್‌ನಲ್ಲಿ ಇದರಿಂದ ಪ್ರಶ್ನೆ ಬರ್ತದಾ ಅಂತ ಕೇಳಿದರು. ಬರ್ತದೆ ಅಂದೆ. ಹಾಗಾದರೆ ಚೆನ್ನಾಗಿ ಕಲಿಸಿ ಅಂದರು.

ಜಗಳವೇ ಇಲ್ಲ, ವಿಜ್ಞಾನ ಬೇರೆ ಧರ್ಮ ಬೇರೆ ಅಂತ ಜಾರಿಕೊಳ್ಳುವವರನ್ನು ಕಂಡರೆ ನನಗೆ ಸರಿ ಬರುವುದಿಲ್ಲ. ಜಗಳ ಇದೆ. ಡಾರ್ವಿನ್ನನಿಗೇ ಇತ್ತು. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಜೀವಂತ ಕಂಬಳಿಹುಳುವಿನ ಒಳಗೆ ಮರಿ ಬೆಳೆಸುವ ಕಣಜವನ್ನು ಕರುಣಾಳು ದೇವರು ಬೇಕೆಂದೇ ಸೃಷ್ಟಿಸಿದ ಅಂತ ತನಗೆ ಒಪ್ಪಿಕೊಳ್ಳಲು ಆಗುತ್ತಿಲ್ಲ ಎಂದ. ನಮ್ಮ ತೆಂಗಿನ ಕಪ್ಪು ತಲೆ ಹುಳುವಿಗೆ ಗೋನಿಯೋಜಸ್ ಎಂಬ ಕಣಜ ಬಿಡುತ್ತಾರಲ್ಲ, ಅದರದ್ದೂ ಹೆಚ್ಚುಕಡಿಮೆ ಇಂಥದ್ದೇ ಬದುಕು, ಮರಿಗಳು ಹುಳುವಿನ ಮೈಗೆ ಹೊರಗಿನಿಂದ ಅಂಟಿಕೊಂಡು ತಿನ್ನುತ್ತವೆ ಅಷ್ಟೇ. ಆದರೆ ಆ ಪತ್ರ ಪಡೆದ ಗ್ರೇ ಸ್ವತಃ ನಿಷ್ಠಾವಂತ ಕ್ರೈಸ್ತ, ಅಮೆರಿಕದಲ್ಲಿ ಡಾರ್ವಿನ್ ಪರ ವಾದಿಸಿದವನೂ ಅವನೇ. 20ನೇ ಶತಮಾನದ ದೊಡ್ಡ ವಿಕಾಸವಿಜ್ಞಾನಿ ದೋಬ್‌ಜಾನ್‌ಸ್ಕಿ ಕೂಡ ಆಸ್ತಿಕ. ಹಾಗಾಗಿ ದೇವರಿಲ್ಲ ಅಂತ ಸಾಧಿಸಲು ಈ ಪೀರಿಯಡ್ ಬಳಸುವ ಮೇಷ್ಟ್ರುಗಳ ಮೇಲೂ ನನಗೆ ಸಿಟ್ಟಿದೆ. ಒಂದು ಸಲ ನಕ್ಕರೆ ಸಾಕು, ಹಿಂದಿನ ಬೆಂಚಿನ ಹತ್ತು ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ತೆಗೆದುಹಾಕಿತು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಸಹಿ ಹಾಕಿದರು. ಕಾಮರ್ಸ್, ಆರ್ಟ್ಸ್‌ಗೆ ಹೋಗುವ ಮಕ್ಕಳಿಗೆ ಆಗ ಈ ಪಾಠ ಸಿಗುವ ಜಾಗವೇ ಇಲ್ಲದಂತಾಯಿತು. ಸೈನ್ಸಿಗೆ ಬಂದವರಿಗೂ ಪುಸ್ತಕದ ಗುರುತು ಕಡಿಮೆ, ವಾಟ್ಸ್ಆಪ್ ಗುರುತು ಜಾಸ್ತಿ. ಅದಕ್ಕೆ ನಾನು ಪಾಠದ ಕ್ರಮ ಬದಲಿಸಿಕೊಂಡಿದ್ದೇನೆ. ದಶಾವತಾರದ ಪ್ರಶ್ನೆಗಳು ಮುಗಿದ ಮೇಲೆ 2ನೇ ಕ್ರೋಮೋಸೋಮು, ಆಮೇಲೆ ಕಾಳು, ಆಮೇಲೆ ಡಾಲ್ಫಿನ್, ಪುಸ್ತಕ ಕೊನೆಗೆ. ಕಾಮರ್ಸ್ ಮಕ್ಕಳಿಗೂ ಕಾಳಿನ ಆಟ ಆಡಿಸಲು ಒಂದು ಪೀರಿಯಡ್ ಕೊಡಿ ಅಂತ ಪ್ರಿನ್ಸಿಪಾಲರನ್ನು ಕೇಳಿದ್ದೇನೆ. ಅಕೌಂಟ್ಸ್ ಪೋರ್ಷನ್ ಮುಗಿದರೆ ನೋಡೋಣ ಅಂದಿದ್ದಾರೆ.