ಮಲಪ್ರಭೆ ದಂಡೆಯ ಊರಿಗೆ ನೆರೆ ನಕ್ಷೆ: ಓಣಿ ಓಣಿಯ ಲೆಕ್ಕ

ನವಿಲುತೀರ್ಥ ಜಲಾಶಯದಿಂದ ಕೆಳಗಿರುವ ಊರುಗಳಲ್ಲಿ ನೆರೆಯ ಅಪಾಯ ಎಲ್ಲರಿಗೂ ಒಂದೇ ಸಮ ಅಲ್ಲ. ಹಳ್ಳದ ಬದಿಯ ಕೇರಿಗೆ ಮೊದಲು ನೀರು ನುಗ್ಗುತ್ತದೆ, ದಿಬ್ಬದ ಓಣಿಗೆ ಕೊನೆಗೆ. ಜನಗಣತಿಯ ಗ್ರಾಮ ಸರಾಸರಿ ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಆದ್ದರಿಂದ ಓಣಿವಾರು ಲೆಕ್ಕ ಹಿಡಿಯಿರಿ.

ಮೊದಲು ನೀರಿನ ಗುರುತು. 2009 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಪ್ರತಿ ಓಣಿಯ ಮೂರು ಮನೆಗಳಲ್ಲಿ ಬೇರೆ ಬೇರೆಯಾಗಿ ಕೇಳಿ, ಹೊಸ್ತಿಲಿನಿಂದ ಗುರುತಿನವರೆಗೆ ಟೇಪು ಹಿಡಿಯಿರಿ. ಹೊಸ್ತಿಲುಗಳ ಎತ್ತರ ಹೋಲಿಸಲು ಮೊಬೈಲ್ ಜಿಪಿಎಸ್ ಬೇಡ, ಹಲವು ಮೀಟರ್ ತಪ್ಪಬಹುದು. ಗೌಂಡಿಗಳ ಲೆವೆಲ್ ಪೈಪು, ಅಂದರೆ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಅಳತೆ ಕೆಡುತ್ತದೆ, ಪೂರ್ತಿ ಹೊರಹಾಕಿ. ನೆರೆ ಬಂದ ದಿನ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದರೆಂಬುದನ್ನು ನೀರಾವರಿ ಕಚೇರಿಯಿಂದ ಪಡೆದು ಗುರುತಿನ ಪಕ್ಕ ಬರೆಯಿರಿ; ಮುಂದಿನ ಮುನ್ಸೂಚನೆ ಬಂದಾಗ ಜನರಿಗೆ ಬೇಕಾಗುವುದು ಇದೇ.

ಯುರೋಪಿನ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರ ಉಚಿತ, ಮೋಡ ಅದಕ್ಕೆ ಅಡ್ಡಿಯಲ್ಲ. ಆದರೆ ಬೆಳೆದ ಕಬ್ಬಿನೊಳಗೆ, ಮನೆಗಳ ಸಂದಿಯಲ್ಲಿ ನಿಂತ ನೀರು ಅದರಲ್ಲಿ ತಪ್ಪಿಹೋಗಬಹುದು. ಉಪಗ್ರಹ ಬರುವ ಹೊತ್ತಿಗೆ ನೀರು ಇಳಿದಿರಲೂಬಹುದು. ಗೋಡೆಯ ಗುರುತಿಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ಗೋಡೆಯನ್ನೇ ನಂಬಿ.

ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆಗೆ ಹೋಗಿ. ಮಣ್ಣಿನ ಗೋಡೆ, ಒಂಟಿ ವೃದ್ಧರು, ಅಂಗವಿಕಲರು, ದನಕರು, ಹಕ್ಕುಪತ್ರ ಇಲ್ಲದ ಮನೆ, ಇಷ್ಟನ್ನು ಬರೆದುಕೊಳ್ಳಿ. ಮಣ್ಣಿನ ಗೋಡೆಗೆ ಹೆಚ್ಚು ತೂಕ ಕೊಡಿ: ನೆನೆದ ಗೋಡೆ ನೀರು ಇಳಿದ ಮೇಲೂ ಕುಸಿಯುತ್ತದೆ. ದನ ಕಟ್ಟಿದವರು ಅವನ್ನು ಬಿಟ್ಟು ಹೊರಡಲಾರರು, ದನಕ್ಕೂ ಜಾಗ ತೋರಿಸದ ನಕ್ಷೆಯಿಂದ ಅವರಿಗೆ ಉಪಯೋಗವಿಲ್ಲ.

ಅಂಕ ಕೊಡುವಾಗ ಮನೆಗಳ ಸಂಖ್ಯೆಯ ಬದಲು ಶೇಕಡಾವಾರು ಬಳಸಿ, ಇಲ್ಲದಿದ್ದರೆ ದೊಡ್ಡ ಓಣಿಯೇ ಸದಾ ಮೇಲೆ ಬರುತ್ತದೆ. ನೀರಿನ ಆಳಕ್ಕೆ ಮೂರು ದರ್ಜೆ, ಮನೆಗಳ ದುರ್ಬಲತೆಗೆ ಮೂರು ದರ್ಜೆ ಮಾಡಿ ಒಂಬತ್ತು ಚೌಕದ ಕೋಷ್ಟಕದಲ್ಲಿ ಜೋಡಿಸಿ. ಅತಿ ಕಡಿಮೆಗೆ 0, ಅತಿ ಹೆಚ್ಚಿಗೆ 1 ಎಂದು ಎರಡನ್ನೂ 0ಯಿಂದ 1ರ ಅಂಕಕ್ಕಿಳಿಸಿ ಗುಣಿಸಬೇಡಿ. ಹಾಗೆ ಮಾಡಿದರೆ ಎಲ್ಲಕ್ಕಿಂತ ಕಡಿಮೆ ನೀರು ಬಂದ ಓಣಿಗೆ ಸೊನ್ನೆ ಬೀಳುತ್ತದೆ, ಅಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ ಅದು ಲೆಕ್ಕದಿಂದಲೇ ಮಾಯ.

ನಕ್ಷೆ ಬಿಡಿಸುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಓಣಿಗಳಿಗೆ ಬಣ್ಣ ತುಂಬಿ, ಆದರೆ ವ್ಯಕ್ತಿಗಳ ಹೆಸರು ನಕ್ಷೆಯ ಮೇಲೆ ಬೇಡ. ಆ ಪಟ್ಟಿ ರಕ್ಷಣೆಗೆ ಹೋಗುವವರ ಕೈಯಲ್ಲಿದ್ದರೆ ಸಾಕು. ಊರಾಚೆ ಹೋಗುವ ರಸ್ತೆಯಲ್ಲಿ ಅತಿ ತಗ್ಗಿನ ಸೇತುವೆ ಯಾವುದೆಂದು ಅಳೆದು ಗುರುತಿಸಿ. ಆ ಸೇತುವೆ ಮುಳುಗಿದರೆ ದಿಬ್ಬದ ಓಣಿಯೂ ನಡುಗಡ್ಡೆಯಾಗುತ್ತದೆ, ಹೀಗಾಗಿ ಊರು ಬಿಡಬೇಕಾದ ಮಟ್ಟವನ್ನು ಮನೆಯ ಹೊಸ್ತಿಲಿನಿಂದಲ್ಲ, ಆ ಸೇತುವೆಯಿಂದ ನಿಗದಿ ಮಾಡಿ.