ಅಂಗೈಗೆ ಕೂರುವ ಹಿಡಿ

ನಮ್ಮ ಹೊಲ ಖಾನಾಪುರದ ಕಡೆ. ಜುಲೈ ಮಳೆಯಲ್ಲಿ ಅಂಗೈ ಒಣಗುವುದೇ ಇಲ್ಲ. ಲೈಸೆನ್ಸಿನ .32 ಪಿಸ್ತೂಲಿನ ನುಣುಪು ಹಿಡಿ ಸೋಪಿನ ಹಾಗೆ ಜಾರತೊಡಗಿದಾಗ ಬೇರೆ ಹಿಡಿ ಹುಡುಕಿದೆ.

ಮೊದಲು ಮ್ಯಾಗಜಿನ್, ಅಂದರೆ ಗುಂಡು ತುಂಬುವ ಪೆಟ್ಟಿಗೆ, ತೆಗೆಯಿರಿ. ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಸ್ಲೈಡ್ ಎಳೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿಂದಲೂ ಬೆರಳಿಂದಲೂ ನೋಡಿ. ಆಮೇಲೆ ಹಿಡಿದು ನೋಡಿ. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಹಿಡಿ ದಪ್ಪವಾದರೆ ಬೆರಳು ಮುಟ್ಟುವುದಿಲ್ಲ, ತೆಳುವಾದರೆ ಗೆಣ್ಣು ದಾಟಿ ಹೋಗುತ್ತದೆ. ನನ್ನದು ಸಣ್ಣ ಕೈ, ತೆಳುವೇ ಸರಿಹೋಯಿತು.

ನಾನು ಮೊದಲು ಕೊಂಡದ್ದು ರಬ್ಬರಿನದು. ಕೈಗೇನೋ ಹಿತ, ಆದರೆ ಸೊಂಟದಲ್ಲಿಟ್ಟರೆ ಅಂಗಿಗೆ ಅಂಟುತ್ತದೆ. ಬಗ್ಗಿದಾಗೆಲ್ಲ ಅಂಗಿ ಮೇಲೆ ಸಿಕ್ಕಿಕೊಂಡು ಪಿಸ್ತೂಲಿನ ಆಕಾರ ಎದ್ದು ಕಾಣುತ್ತಿತ್ತು. ಮನೆಯಾಕೆ ನಕ್ಕಿದ್ದೇ ನಕ್ಕಿದ್ದು! ಬೀಟೆ ಮರದ್ದು ಚೆಂದ, ಆದರೆ ಎಣ್ಣೆ ಹಚ್ಚುತ್ತಾ ಇರಬೇಕು. ಕೊನೆಗೆ ಉಳಿಸಿಕೊಂಡದ್ದು ಜಿ-10. ಗಾಜಿನ ಬಟ್ಟೆಗೆ ರಾಳ ಸೇರಿಸಿ ಒತ್ತಿ ಮಾಡಿದ್ದು, ನೀರು ಹೀರುವುದಿಲ್ಲ ಅಂತಲೇ ಹೇಳಬಹುದು. ತೀರಾ ಒರಟಾದದ್ದು ಮಾತ್ರ ಬೇಡ, ಸೊಂಟದ ಚರ್ಮ ಕೆರೆದುಹೋಗುತ್ತದೆ. ಬೆರಳಿನ ಅಚ್ಚು ಇರುವುದೂ ಬೇಡ. ಆ ಅಚ್ಚು ಯಾರದೋ ಕೈಯದು, ಅಲ್ವಾ?

ಹಿಡಿ ಕೂರಿಸುವ ಸ್ಕ್ರೂ ಉದ್ದವಾದರೆ ಮ್ಯಾಗಜಿನ್‌ಗೆ ತಾಗಿ ಅದು ಸರಾಗವಾಗಿ ಬೀಳುವುದಿಲ್ಲ. ಸೇಫ್ಟಿ ಲಿವರ್, ಮ್ಯಾಗಜಿನ್ ಬಟನ್ ಎರಡೂ ಸಲೀಸಾಗಿ ಒತ್ತುವಂತಿರಲಿ. ಕೂರಿಸುವ ಕೆಲಸವನ್ನು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೇ ಕೊಡಿ. ನಾನು ಸುಮ್ನೆ ಸ್ಕ್ರೂಡ್ರೈವರ್ ಹಿಡಿದು ಒಂದು ಸ್ಕ್ರೂ ತಲೆ ಸವೆಸಿ ಕೂತಿದ್ದೆ.